ಜಡ ಅನಿಲವೂ ಅಮೋನಿಯ ಕೈಗಾರಿಕೆಯೂ: ಬೆಳಗೊಳದಿಂದ ಪಣಂಬೂರಿನವರೆಗೆ

ಕರ್ನಾಟಕದ ಕೈಗಾರಿಕಾ ಚರಿತ್ರೆಯಲ್ಲಿ ರಸಗೊಬ್ಬರ ತಯಾರಿಕೆಗೆ ವಿಶಿಷ್ಟ ಸ್ಥಾನವಿದೆ. ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗ (1926–1941) ಮೈಸೂರು ಸಂಸ್ಥಾನದಲ್ಲಿ ರೂಪುತಳೆದ ಬೆಳಗೊಳದ ಕಾರ್ಖಾನೆಯು ಭಾರತದಲ್ಲಿ ಸಂಶ್ಲೇಷಿತ ಅಮೋನಿಯ ತಯಾರಿಸಿದ ಮೊದಲಿಗರ ಸಾಲಿಗೆ ಸೇರುತ್ತದೆ. ಮಂಗಳೂರಿನ ಪಣಂಬೂರಿನಲ್ಲಿ ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ 1976ರಲ್ಲಿ ಉತ್ಪಾದನೆ ಆರಂಭಿಸಿತು. ಇಂತಹ ಕಾರ್ಖಾನೆಗಳ ಇತಿಹಾಸವನ್ನು ಬಂಡವಾಳ ಮತ್ತು ಉತ್ಪಾದನೆಯ ಅಂಕಿಗಳಿಂದಷ್ಟೇ ಅಳೆಯುವುದು ವಾಡಿಕೆ. ಅವುಗಳ ಒಳಗೆ ನಡೆಯುವ ರಸಾಯನಕ್ರಿಯೆಗೂ ಒಂದು ಇತಿಹಾಸವುಂಟು. ಅದರಲ್ಲಿ, ಏನನ್ನೂ ಮಾಡದೆಂದು ನಾವು ಭಾವಿಸುವ ಜಡ ಅನಿಲಕ್ಕೂ ಪಾತ್ರವಿದೆ.

ಈ ಇತಿಹಾಸದ ಆರಂಭವೇ ಕುತೂಹಲಕರ. ಗಾಳಿಯಿಂದ ಪಡೆದ ಸಾರಜನಕವು ಅಮೋನಿಯದಿಂದ ಪಡೆದ ಸಾರಜನಕಕ್ಕಿಂತ ತುಸು ಭಾರವಾಗಿರುವುದನ್ನು ರ್‍ಯಾಲೆ ಗಮನಿಸಿದರು. ಈ ವ್ಯತ್ಯಾಸದ ಬೆನ್ನುಹತ್ತಿ ಅವರೂ ರ್‍ಯಾಮ್ಸೆಯವರೂ 1894ರಲ್ಲಿ ಆರ್ಗಾನನ್ನು ಕಂಡುಹಿಡಿದರು. ಅದಕ್ಕೆ ಹತ್ತು ವರ್ಷ ಮೊದಲು, 1884ರಲ್ಲಿ, ಸಮತೋಲನದಲ್ಲಿರುವ ವ್ಯವಸ್ಥೆಯು ತನ್ನ ಮೇಲಿನ ಬದಲಾವಣೆಗೆ ಪ್ರತಿಯಾಗಿ ಹೊಂದಿಕೊಳ್ಳುತ್ತದೆಂಬ ತತ್ತ್ವವನ್ನು ಲ ಶಾತೆಲ್ಯೆ ಮಂಡಿಸಿದ್ದರು. 1909ರಲ್ಲಿ ಹೇಬರ್ ಅಮೋನಿಯ ಸಂಶ್ಲೇಷಣೆಯನ್ನು ಪ್ರಯೋಗಶಾಲೆಯಲ್ಲಿ ತೋರಿಸಿಕೊಟ್ಟರು. 1913ರಲ್ಲಿ ಜರ್ಮನಿಯ ಓಪ್ಪೌನಲ್ಲಿ ಅದು ಕಾರ್ಖಾನೆಯ ರೂಪ ಪಡೆಯಿತು.

ಒಂದು ಭಾಗ ಸಾರಜನಕವೂ ಮೂರು ಭಾಗ ಜಲಜನಕವೂ ಸೇರಿ ಎರಡು ಭಾಗ ಅಮೋನಿಯ ಆಗುತ್ತದೆ. ನಾಲ್ಕು ಅಣುಗಳು ಎರಡಾಗುವುದರಿಂದ ಹೆಚ್ಚಿನ ಒತ್ತಡ ಈ ಕ್ರಿಯೆಗೆ ಅನುಕೂಲ. ಆದರೂ ಒಂದು ಸಲ ಹಾಯ್ದ ಅನಿಲದಲ್ಲಿ ಅಲ್ಪಭಾಗ ಮಾತ್ರ ಅಮೋನಿಯ ಆಗುತ್ತದೆ. ಆದ್ದರಿಂದ ಅಮೋನಿಯವನ್ನು ತಂಪಾಗಿಸಿ ದ್ರವವಾಗಿ ಬೇರ್ಪಡಿಸಿ, ಉಳಿದ ಅನಿಲವನ್ನು ಮತ್ತೆ ಕ್ರಿಯೆಗೆ ಒಳಪಡಿಸುವ ಚಕ್ರೀಯ ವ್ಯವಸ್ಥೆ ರೂಢಿಗೆ ಬಂದಿತು.

ಜಡ ಅನಿಲದ ಸಮಸ್ಯೆ ಹುಟ್ಟುವುದು ಈ ಚಕ್ರದಲ್ಲಿಯೇ. ಗಾಳಿಯಲ್ಲಿ ಶೇ. 0.93ರಷ್ಟು ಆರ್ಗಾನ್ ಇದೆ. ಗಾಳಿಯನ್ನು ನೇರವಾಗಿ ಬಳಸಿ ಸಂಶ್ಲೇಷಣಾ ಅನಿಲವನ್ನು ಸಿದ್ಧಪಡಿಸುವ ವಿಧಾನದಲ್ಲಿ ಅದರ ಅಂಶ ಸುಮಾರು ಶೇ. 0.3ರಷ್ಟಿರುತ್ತದೆ. ಕ್ರಿಯೆಗೊಳ್ಳದೆ ಉಳಿದ ಮೀಥೇನ್ ಸಹ ಜೊತೆಗೂಡುತ್ತದೆ. ಅಲ್ಪಭಾಗ ದ್ರವ ಅಮೋನಿಯದಲ್ಲಿ ಕರಗಿದರೂ, ಉಳಿದುದು ಸುತ್ತು ಸುತ್ತಿಗೂ ಶೇಖರಗೊಳ್ಳುತ್ತದೆ.

ಇಲ್ಲಿ ಎರಡು ಸಂದರ್ಭಗಳನ್ನು ಬೇರ್ಪಡಿಸಿ ನೋಡಬೇಕು. ಗಾತ್ರ ಸ್ಥಿರವಾಗಿರುವ ಪಾತ್ರೆಗೆ ಜಡ ಅನಿಲ ಸೇರಿಸಿದರೆ ಒಟ್ಟು ಒತ್ತಡ ಏರುತ್ತದೆ; ಆದರೆ ಕ್ರಿಯಾಶೀಲ ಅನಿಲಗಳ ಆಂಶಿಕ ಒತ್ತಡ ಬದಲಾಗದು, ಸಮತೋಲನವೂ ಕದಲದು. ಒಟ್ಟು ಒತ್ತಡ ಸ್ಥಿರವಾಗಿರುವಲ್ಲಿ ಸ್ಥಿತಿ ಬೇರೆ. 200 ವಾಯುಭಾರದ ಒತ್ತಡದಲ್ಲಿ ಹತ್ತನೆಯ ಒಂದು ಭಾಗ ಜಡ ಅನಿಲವಿದ್ದರೆ, ಉಳಿದವುಗಳ ಪಾಲಿಗೆ 180 ಮಾತ್ರ. ಆಗ ಸಮತೋಲನವು ಅಣುಗಳು ಹೆಚ್ಚಿರುವ ಕಡೆಗೆ, ಅಂದರೆ ಸಾರಜನಕ–ಜಲಜನಕಗಳ ಕಡೆಗೆ, ಸರಿಯುತ್ತದೆ, ಅಮೋನಿಯ ಕಡಿಮೆಯಾಗುತ್ತದೆ. ಅಣುಗಳ ಸಂಖ್ಯೆ ಹೆಚ್ಚುವ ಕ್ರಿಯೆಗಳಿಗಾದರೆ ಇದೇ ಗುಣ ಲಾಭಕರ. ಈಥೈಲ್ ಬೆಂಜೀನಿನಿಂದ ಸ್ಟೈರೀನ್ ತಯಾರಿಸುವಾಗ ಹಬೆಯನ್ನು ಬೆರೆಸುವುದಕ್ಕೆ ಇದೂ ಒಂದು ಕಾರಣ.

ಇದಕ್ಕೆ ಕಾರ್ಖಾನೆಗಳು ಕಂಡುಕೊಂಡ ಪರಿಹಾರ, ಚಕ್ರದಲ್ಲಿರುವ ಅನಿಲದ ಒಂದು ಭಾಗವನ್ನು ನಿರಂತರವಾಗಿ ಹೊರಬಿಡುವುದು. ಆದರೆ ಆರ್ಗಾನಿನೊಡನೆ ದುಬಾರಿ ಜಲಜನಕವೂ ಹೊರಹೋಗುತ್ತದೆ. ಹೆಚ್ಚು ಬಿಟ್ಟರೆ ಜಲಜನಕ ನಷ್ಟ, ಕಡಿಮೆ ಬಿಟ್ಟರೆ ಅಮೋನಿಯ ನಷ್ಟ. ಈ ಎರಡರ ನಡುವಣ ಲೆಕ್ಕಾಚಾರವೇ ಅಮೋನಿಯ ಉದ್ಯಮದ ಮಿತವ್ಯಯವನ್ನು ಬಹುಮಟ್ಟಿಗೆ ನಿರ್ಧರಿಸಿದೆ. ಹೊರಬಿಟ್ಟ ಅನಿಲದಿಂದ ಜಲಜನಕವನ್ನು ಮರಳಿ ಪಡೆಯುವ ತಂತ್ರಗಳು ಬೆಳೆದದ್ದೂ ಇದರಿಂದಲೇ.

ಹೀಗೆ ಅಮೋನಿಯದೊಡನೆ ಹೋಲಿಸಿ ನೋಡಿದಾಗ ಪತ್ತೆಯಾದ ಅನಿಲವೇ ಅಮೋನಿಯ ತಯಾರಿಕೆಗೆ ತೊಡಕಾಗಿ ಮರಳಿ ಬಂದಿತು. ಜಡವೆಂದರೆ ಕ್ರಿಯೆಯಲ್ಲಿ ಭಾಗಿಯಾಗದ್ದು ಎಂದಷ್ಟೇ ಅರ್ಥ, ಪರಿಣಾಮರಹಿತ ಎಂದಲ್ಲ. ರೈತನ ಹೊಲ ಸೇರುವ ಗೊಬ್ಬರದ ವೆಚ್ಚದಲ್ಲಿ ಈ ವ್ಯತ್ಯಾಸದ ಪಾಲೂ ಅಡಗಿದೆ. ನಮ್ಮ ಕೈಗಾರಿಕೆಗಳ ಚರಿತ್ರೆಯನ್ನು ಬರೆಯುವವರು ಇದನ್ನೂ ಗಣನೆಗೆ ತೆಗೆದುಕೊಳ್ಳುವುದು ಉಚಿತ.