ಅರಬ್ಬಿ ಸಮುದ್ರದ ಕ್ಯಾಟ್‌ಶಾರ್ಕ್‌ಗಳು: ನೆಲೆ, ಆಳ ಮತ್ತು ದಾಖಲೆ

ಜಯನಗರ, ಬಿಟಿಎಂ ಲೇಔಟ್‌ಗಳ ಅಕ್ವೇರಿಯಂ ಅಂಗಡಿಗಳಲ್ಲಿ 'ಶಾರ್ಕ್' ಎಂದು ಮಾರುವ ಮೀನುಗಳಲ್ಲಿ ಬಹುತೇಕವು ಶಾರ್ಕ್‌ಗಳೇ ಅಲ್ಲ. ಬೆಳ್ಳಿಮೈಯ 'ಇರಿಡೆಸೆಂಟ್ ಶಾರ್ಕ್' ಮೆಕಾಂಗ್ ಮತ್ತು ಚಾವೊ ಫ್ರಾಯಾ ನದಿಗಳ ಮೂಲದ ಪಂಗಾಸಿಯಸ್, ಅಂದರೆ ಕ್ಯಾಟ್‌ಫಿಶ್ ಬಳಗದ ಮೀನು. 'ರೆಡ್ ಟೇಲ್ ಶಾರ್ಕ್' ಗೆಂಡೆ ಮೀನಿನ ಕುಟುಂಬದ್ದು. ಉಪ್ಪುನೀರಿನ ತೊಟ್ಟಿ ಇಡುವ ಹವ್ಯಾಸಿಗಳ ನಡುವೆ 'ಬ್ಯಾಂಡೆಡ್ ಕ್ಯಾಟ್ ಶಾರ್ಕ್' ಎನಿಸಿಕೊಳ್ಳುವ ಪಟ್ಟೆಪಟ್ಟೆ ಮರಿ ಮಾತ್ರ ನಿಜವಾದ ಶಾರ್ಕ್. ಆದರೆ ಅದೂ ಕ್ಯಾಟ್‌ಶಾರ್ಕ್ ಅಲ್ಲ. ಕೈಲೊಸಿಲಿಯಮ್ ಕುಲಕ್ಕೆ ಸೇರಿದ ಬಿದಿರು ಶಾರ್ಕ್. ಇದೇ ಕುಲದ ಬೂದು ಬಿದಿರು ಶಾರ್ಕ್ ನಮ್ಮ ಪಶ್ಚಿಮ ಕರಾವಳಿಯ ತೀರದ ನೀರಿನಲ್ಲೇ ಇದೆ.

ಎರಡನ್ನೂ ಕೈಯಲ್ಲಿ ಹಿಡಿದು ನೋಡಿದರೆ ಗೊಂದಲ ಉಳಿಯುವುದಿಲ್ಲ. ಬಿದಿರು ಶಾರ್ಕ್‌ನ ಬಾಯಿ ಕಿರಿದು, ಪೂರ್ತಿಯಾಗಿ ಕಣ್ಣುಗಳಿಗಿಂತ ಮುಂದೆ ಇರುತ್ತದೆ; ಮೂಗಿನ ಹೊಳ್ಳೆಯಿಂದ ಬಾಯಿಗೆ ಒಂದು ತೋಡು ಹಾಯ್ದು, ಪಕ್ಕದಲ್ಲಿ ಸಣ್ಣ ಮೀಸೆ ಇಳಿದಿರುತ್ತದೆ. ಕ್ಯಾಟ್‌ಶಾರ್ಕ್‌ನ ಬಾಯಿ ಬಾಗಿ ಕಣ್ಣಿನ ಕೆಳಗಿನವರೆಗೂ ಹಬ್ಬಿರುತ್ತದೆ. ಕಣ್ಣು ಉದ್ದಕ್ಕೆ ಸೀಳಿದಂತೆ ಇರುತ್ತದೆ. ಬೆನ್ನಿನ ಮೊದಲ ಈಜುರೆಕ್ಕೆ ಮೈಯ ನಡುಭಾಗವನ್ನು ದಾಟಿ, ಸೊಂಟದ ರೆಕ್ಕೆಗಳ ಮೇಲೋ ಅದಕ್ಕೂ ಹಿಂದೆಯೋ ಕೂತಿರುತ್ತದೆ. ವರ್ಗೀಕರಣದಲ್ಲಿ ಎರಡೂ ಬೇರೆ ಬೇರೆ ಗಣಗಳು. ಒಂದರ ಹೆಸರನ್ನು ಇನ್ನೊಂದಕ್ಕೆ ಇಟ್ಟರೆ ಒಂದರ ನೆಲೆಯೂ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ಆಳದ ಇಳಿಜಾರಿನ ಪ್ರಾಣಿಯನ್ನು ದಡದ ಬಂಡೆಗಳಲ್ಲಿ ಹುಡುಕುವಂತಾಗುತ್ತದೆ.

ಜಗತ್ತಿನಲ್ಲಿ 150ಕ್ಕೂ ಹೆಚ್ಚು ಕ್ಯಾಟ್‌ಶಾರ್ಕ್ ಪ್ರಭೇದಗಳಿವೆ. ಹಿಂದೆ ಎಲ್ಲವನ್ನೂ ಸಿಲಿಯೊರೈನಿಡೆ ಎಂಬ ಒಂದೇ ಕುಟುಂಬದಲ್ಲಿ ಇಡುತ್ತಿದ್ದರು. 2005ರ ವಂಶವಾಹಿ ಅಧ್ಯಯನದ ನಂತರ ಪೆಂಟಾಂಕಿಡೆ ಬೇರೆಯಾಯಿತು. ಹವಳದಿಬ್ಬಗಳ ಅಟೆಲೊಮಿಕ್ಟೆರಸ್ ಗುಂಪನ್ನೂ ಈಗ ಪ್ರತ್ಯೇಕ ಕುಟುಂಬವೆಂದು ಎಣಿಸುತ್ತಾರೆ. ಈ ಶಾರ್ಕ್‌ಗಳಲ್ಲಿ ಹೆಚ್ಚಿನವು ಚಿಕ್ಕವು, ತಳಕ್ಕೆ ಅಂಟಿಕೊಂಡು ಬಾಳುವಂಥವು. ತೇಲಿ ದೂರ ಹೋಗುವ ಮರಿಹುಳುವಿನ ಹಂತ ಇವುಗಳ ಬದುಕಿನಲ್ಲಿ ಇಲ್ಲ. ಬಹಳಷ್ಟು ಪ್ರಭೇದಗಳು ಚರ್ಮದ ಚೀಲದಂಥ ಮೊಟ್ಟೆಗಳನ್ನು ಇಡುತ್ತವೆ. ಕೆಲವು ಪ್ರಭೇದಗಳಲ್ಲಿ ಆ ಚೀಲದ ಮೂಲೆಗಳಿಂದ ಹೊರಟ ಬಳ್ಳಿಗಳು ಹವಳಕ್ಕೋ ಕಡಲಪಾಚಿಗೋ ಸುತ್ತಿಕೊಳ್ಳುತ್ತವೆ. ಮೊಟ್ಟೆ ಸಿಕ್ಕಿಕೊಂಡಲ್ಲೇ ಮರಿ ಹೊರಬರುತ್ತದೆ. ಹಾಗಾಗಿ ಎಷ್ಟೋ ಪ್ರಭೇದಗಳ ವ್ಯಾಪ್ತಿ ಕಿರಿದು. ಹ್ಯಾಪ್ಲೊಬ್ಲೆಫರಸ್ ಕುಲದ ನಾಲ್ಕೂ ಪ್ರಭೇದಗಳು ಆಫ್ರಿಕಾದ ದಕ್ಷಿಣ ತುದಿಯ ನೀರಿಗಷ್ಟೇ ಸೀಮಿತ. ನಾರ್ವೆಯಿಂದ ಪಶ್ಚಿಮ ಆಫ್ರಿಕಾದವರೆಗೂ ಮೆಡಿಟರೇನಿಯನ್‌ನಲ್ಲೂ ಹರಡಿರುವ ಸಿಲಿಯೊರೈನಸ್ ಕ್ಯಾನಿಕುಲಾದಂಥವು ಅಪವಾದ.

ಭಾರತದ ಕ್ಯಾಟ್‌ಶಾರ್ಕ್‌ಗಳ ಕಥೆ ಶುರುವಾಗುವುದು 'ಇನ್ವೆಸ್ಟಿಗೇಟರ್' ಎಂಬ ಸಮೀಕ್ಷಾ ಹಡಗಿನಿಂದ. ಅದರಲ್ಲಿ ವೈದ್ಯ-ನಿಸರ್ಗತಜ್ಞರಾಗಿದ್ದು, ಮುಂದೆ ಕಲ್ಕತ್ತದ ಇಂಡಿಯನ್ ಮ್ಯೂಸಿಯಂನ ಮುಖ್ಯಸ್ಥರಾದ ಆಲ್ಫ್ರೆಡ್ ಆಲ್ಕಾಕ್ 1891ರಲ್ಲಿ ಅಂಡಮಾನ್ ಸಮುದ್ರದ ಒಂದು ಪುಟ್ಟ ಶಾರ್ಕ್ ಅನ್ನು ವರ್ಣಿಸಿದರು. ಇಂದಿನ ಹೆಸರು ಬೈತೇಲುರಸ್ ಹಿಸ್ಪಿಡಸ್. 1899ರಲ್ಲಿ ಮಲಬಾರ್ ತೀರದಾಚೆಯಿಂದ ಹಲೇಲುರಸ್ ಕ್ವಾಗಾ ಬಂತು. ಒಂದಡಿಗಿಂತ ತುಸು ಉದ್ದದ ಈ ಶಾರ್ಕ್‌ನ ಮೈಮೇಲೆ ತಲೆಯಿಂದ ಬಾಲದವರೆಗೆ ಇಪ್ಪತ್ತಕ್ಕೂ ಹೆಚ್ಚು ತೆಳು ಪಟ್ಟೆಗಳು. ಅಳಿದುಹೋದ ಆಫ್ರಿಕಾದ ಕ್ವಾಗಾ ಜೀಬ್ರಾದ ಹೆಸರು ಇದಕ್ಕೆ ಬಂದದ್ದು ಅದರಿಂದಲೇ. ಕೊಲ್ಲಂ ಎದುರಿನ ಇಳಿಜಾರಿನ ಸೆಫಲೊಸಿಲಿಯಮ್ ಸಿಲಾಸಿಯನ್ನು ತಲ್ವಾರ್ 1974ರಲ್ಲಿ ಹೆಸರಿಸಿದರು. ಸಾಗರ ಮೀನುಗಾರಿಕಾ ವಿಜ್ಞಾನಿ ಇ.ಜಿ. ಸೈಲಸ್ ಅವರ ಗೌರವಕ್ಕೆ ಇಟ್ಟ ಹೆಸರದು. ಹೆದರಿದಾಗ ನೀರು ಕುಡಿದು ಹೊಟ್ಟೆ ಉಬ್ಬಿಸಿಕೊಳ್ಳುವ ಕುಲ ಇದು. ಅಂಡಮಾನ್ ಸಮುದ್ರದ ಸುಮಾರು 1,000 ಮೀಟರ್ ಆಳದ ಅಪ್ರಿಸ್ಟುರಸ್ ಇನ್ವೆಸ್ಟಿಗೇಟೊರಿಸ್‌ಗೆ ಮಿಶ್ರಾ 1962ರಲ್ಲಿ ಹಡಗಿನ ಹೆಸರನ್ನೇ ಇಟ್ಟರು. ಬನಶಂಕರಿಯ ಬೀದಿಗಳು ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿವೆಯೋ ಹೆಚ್ಚುಕಡಿಮೆ ಅಷ್ಟೇ ಕೆಳಗೆ ಈ ಮೀನಿನ ಮನೆ.

ನನ್ನ ತಕರಾರು ಇರುವುದು ಈ ದಾಖಲೆಗಳನ್ನು ನಾವು ಓದುವ ರೀತಿಯ ಬಗ್ಗೆ. 'ಮಲಬಾರ್', 'ಕೊಲ್ಲಂ', 'ಅಂಡಮಾನ್' ಎಂಬ ಹೆಸರುಗಳು ಬಲೆ ಎಲ್ಲಿ ಇಳಿಯಿತು ಎಂಬುದನ್ನು ಹೇಳುತ್ತವೆ, ಮೀನಿನ ಎಲ್ಲೆಯನ್ನಲ್ಲ. ಬೈತೇಲುರಸ್ ಆಲ್ಕಾಕೈ ಇದಕ್ಕೆ ತೀರಾ ನೋವಿನ ಉದಾಹರಣೆ. ಅರಬ್ಬಿ ಸಮುದ್ರದ 1,134ರಿಂದ 1,262 ಮೀಟರ್ ಆಳದಲ್ಲಿ ಸಿಕ್ಕ ಒಂದೇ ಒಂದು ಮಾದರಿಯ ಮೇಲೆ ನಿಂತ ಪ್ರಭೇದ ಅದು. ಗಾರ್ಮನ್ 1913ರಲ್ಲಿ ಹೆಸರಿಟ್ಟರು; ಆ ಮಾದರಿ ಕಳೆದುಹೋಗಿದೆ. ನಕ್ಷೆಯಲ್ಲಿ ಅದಕ್ಕೊಂದು ಚುಕ್ಕೆ ಹಾಕುತ್ತೇವೆ, ಹೋಲಿಸಿ ನೋಡಲು ಮೈಯಿಲ್ಲ. ಕ್ವಾಗಾ ಶಾರ್ಕ್ ಕೇರಳದ ಎದುರೂ ಸೊಮಾಲಿಯಾದ ಎದುರೂ ದಾಖಲಾಗಿದೆ. ನಡುವೆ ಸಾವಿರಾರು ಮೀಟರ್ ಆಳದ ಕಡಲು. ತಳ ಬಿಟ್ಟು ಏಳದ ಮೀನು ಅದನ್ನು ದಾಟಿರಲಾರದು. ಉತ್ತರದ ಇಳಿಜಾರಿನಗುಂಟ ಕೊಂಡಿ ಇದ್ದಿರಬೇಕು, ಇಲ್ಲವೇ ಎರಡು ಕಡೆಯವು ಒಂದೇ ಪ್ರಭೇದ ಆಗಿರಲಿಕ್ಕಿಲ್ಲ. ಹಾಗೆ ಕೊಂಡಿ ಇದ್ದರೆ ಅದು ಹಾಯಬೇಕಾದದ್ದು ಕರ್ನಾಟಕದ ಎದುರಿನ ಇಳಿಜಾರಿನಲ್ಲೇ. ಆದ್ದರಿಂದ ಮಲ್ಪೆ, ಮಂಗಳೂರು, ಕಾರವಾರದ ಆಳದ ನೀರು ಈ ಪ್ರಶ್ನೆಗೆ ಅಂಚಿನ ವಿಷಯವಲ್ಲ, ನಡುಗಂಬ.

ಆಳದ ಜೊತೆ ಆಮ್ಲಜನಕದ ಮಾತೂ ಇದೆ. ಅರಬ್ಬಿ ಸಮುದ್ರದಲ್ಲಿ ಸುಮಾರು 150ರಿಂದ 1,000 ಮೀಟರ್‌ವರೆಗೆ ಆಮ್ಲಜನಕ ತೀರ ಕಡಿಮೆ ಇರುವ ದಪ್ಪ ಪದರವಿದೆ. ನೈಋತ್ಯ ಮುಂಗಾರಿನಲ್ಲಿ ಕೆಳಗಿನ ನೀರು ಮೇಲೆದ್ದಾಗ ಅದರ ಅಂಚು ತೀರದ ಕಡೆಗೂ ಹತ್ತುತ್ತದೆ. ನಮ್ಮ ಕ್ಯಾಟ್‌ಶಾರ್ಕ್‌ಗಳಲ್ಲಿ ಹಲವು ಇದೇ ಪದರದಲ್ಲಿ ಬದುಕುತ್ತವೆ. ಕ್ಯಾಲಿಫೋರ್ನಿಯಾ ಕೊಲ್ಲಿಯ ಕಡೆಯ ಸೆಫಲುರಸ್ ಎಂಬ ಕ್ಯಾಟ್‌ಶಾರ್ಕ್‌ನ ಕಿವಿರುಭಾಗ ಎಷ್ಟು ಹಿಗ್ಗಿದೆಯೆಂದರೆ ತಲೆ ಮೈಗಿಂತ ಅಗಲ ಕಾಣುತ್ತದೆ. ಕಡಿಮೆ ಆಮ್ಲಜನಕದ ನೀರಿಗೆ ಹೊಂದಿಕೊಂಡ ಲಕ್ಷಣ ಅದು ಎಂದು ವಿವರಿಸುತ್ತಾರೆ. ಹಿಸ್ಪಿಡಸ್‌ನ ಕಿವಿರನ್ನೂ ಈ ದೃಷ್ಟಿಯಿಂದ ಅಳೆಯಬೇಕು. ಅಕ್ಷಾಂಶಕ್ಕಿಂತ ಆಳ ಮತ್ತು ಆಮ್ಲಜನಕವೇ ಇವುಗಳ ಊರುಗಡಿ ಎಂಬುದು ನನ್ನ ವಾದ.

2018ರಲ್ಲಿ ವೈಗ್ಮನ್ ಮತ್ತು ಸಂಗಡಿಗರು ವಾಯವ್ಯ ಹಿಂದೂ ಮಹಾಸಾಗರದ ಎರರ್ ಎಂಬ ಮುಳುಗಿದ ಬೆಟ್ಟದಿಂದ ಬೈತೇಲುರಸ್ ಸ್ಟುವರ್ಟೈ ಎಂಬ ಪ್ರಭೇದವನ್ನು ವರ್ಣಿಸಿದ್ದು ಇದಕ್ಕೆ ಪುಷ್ಟಿ ಕೊಡುತ್ತದೆ. ಸುತ್ತಲೂ ಆಳ, ನಡುವೆ ಒಂದು ದಿಬ್ಬ, ಅಲ್ಲಿ ತನ್ನದೇ ಆದ ಶಾರ್ಕ್.

ಇವೆಲ್ಲ ತುರ್ತಾಗಿರುವುದು ಸಿಗಡಿಯ ಕಾರಣಕ್ಕೆ. ಕೇರಳದಲ್ಲಿ 1999ರ ಕೊನೆಯಿಂದ ಆಳದ ಸಿಗಡಿಗಾಗಿ ಟ್ರಾಲ್ ಬೋಟುಗಳು ಕೊಲ್ಲಂ ಎದುರಿನ ಇಳಿಜಾರಿಗೆ ಇಳಿದವು. ಶಕ್ತಿಕುಲಂಗರ, ಕೊಚ್ಚಿ, ಮುನಂಬಂ ಬಂದರುಗಳಿಗೆ ಕ್ಯಾಟ್‌ಶಾರ್ಕ್‌ಗಳೂ ಬಂದು ಬಿದ್ದವು. ಕ್ವಾಗಾ, ಹಿಸ್ಪಿಡಸ್, ಸಿಲಾಸಿಗಳ ಬಗ್ಗೆ ಇತ್ತೀಚೆಗೆ ನಮಗೆ ತಿಳಿದ ಬಹುಪಾಲು ಈ ಬೋಟುಗಳಿಂದ ಬಂದ ಜ್ಞಾನ. ಹಿಸ್ಪಿಡಸ್ ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಒಂದು ಬಸಿರಿಗೆ ಸಾಮಾನ್ಯವಾಗಿ ಎರಡೇ ಮರಿ. ಒಂದು ಸಿಗಡಿ ಸಾಲಿನ ಮೇಲೆ ಬಲೆ ಮತ್ತೆ ಮತ್ತೆ ಹಾಯ್ದರೆ ಇಂಥ ಮೀನು ಚೇತರಿಸಿಕೊಳ್ಳುವುದು ನಿಧಾನ. ಮಾರುಕಟ್ಟೆಯಲ್ಲಿ ಬೆಲೆ ಇಲ್ಲದ್ದರಿಂದ ಅದು ಕಡಲಿಗೆ ವಾಪಸು ಎಸೆಯಲ್ಪಡುತ್ತದೆ, ಇಲ್ಲವೇ ಕಸಮೀನಿನ ರಾಶಿಯಲ್ಲಿ ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತದೆ. ಪ್ರಭೇದದ ಹೆಸರಿಲ್ಲದೆ ತೂಕವಾಗಿ ಮಾತ್ರ ಲೆಕ್ಕಕ್ಕೆ ಸೇರುತ್ತದೆ.

ಕರ್ನಾಟಕದಲ್ಲಿ ಜೂನ್, ಜುಲೈ ತಿಂಗಳ 61 ದಿನಗಳ ನಿಷೇಧ ಮುಗಿದು ಆಗಸ್ಟ್‌ನಲ್ಲಿ ಬೋಟುಗಳು ಹೊರಡುತ್ತವೆ. ಕಸಮೀನಿನ ರಾಶಿಯನ್ನು ಕೆದಕಿ ಸಣ್ಣ ಶಾರ್ಕ್‌ಗಳನ್ನು ಬೇರ್ಪಡಿಸಲು ಅದಕ್ಕಿಂತ ಒಳ್ಳೆಯ ಸಮಯ ಇಲ್ಲ. ಬಾಯಿ ಕಣ್ಣಿನ ಮುಂದಿದೆಯೋ ಕೆಳಗಿದೆಯೋ ನೋಡಿ, ಪಕ್ಕದಿಂದ ಒಂದು ಫೋಟೊ ತೆಗೆದು, ಉದ್ದ ಅಳೆದು, ಬಲೆ ಎಳೆದ ಆಳವನ್ನು ಬೋಟು ನಡೆಸುವ ತಂಡೇಲರನ್ನೇ ಕೇಳಿ ಬರೆದುಕೊಳ್ಳಬೇಕು. ರೆಕ್ಕೆಯ ಒಂದು ಚೂರನ್ನು ಆಲ್ಕೊಹಾಲ್‌ನಲ್ಲಿ ಇಟ್ಟರೆ ಸೊಮಾಲಿಯಾದ ಕ್ವಾಗಾದೊಂದಿಗೆ ಹೋಲಿಸಲು ಸಾಕು.