ವಿಷುವ

ವಿಷುವ: ಹಗಲು ಮತ್ತು ಇರುಳು ಹೆಚ್ಚುಕಡಿಮೆ ಸಮವಾಗಿರುವ ದಿನ. ವರ್ಷಕ್ಕೆ ಎರಡು ಬಾರಿ ಬರುತ್ತದೆ: ಮಾರ್ಚ್ 20 ಅಥವಾ 21ರ ವಸಂತ ವಿಷುವ, ಸೆಪ್ಟೆಂಬರ್ 22 ಅಥವಾ 23ರ ಶರದ್ ವಿಷುವ.

ಕಾರಣ: ಭೂಮಿಯ ಅಕ್ಷ ಸುಮಾರು 23.4 ಡಿಗ್ರಿ ವಾಲಿದೆ. ಜೂನ್‌ನಲ್ಲಿ ಉತ್ತರಾರ್ಧಗೋಳ ಸೂರ್ಯನ ಕಡೆಗೆ ಬಾಗಿರುತ್ತದೆ, ಡಿಸೆಂಬರ್‌ನಲ್ಲಿ ದಕ್ಷಿಣಾರ್ಧಗೋಳ. ಈ ಎರಡರ ನಡುವೆ ಅಕ್ಷ ಸೂರ್ಯನತ್ತಲೂ ವಾಲದೆ, ಆಚೆಗೂ ವಾಲದೆ ಇರುವ ಗಳಿಗೆಯೇ ವಿಷುವ. ಆಗ ಸೂರ್ಯ ಸಮಭಾಜಕ ವೃತ್ತದ ನೇರ ಮೇಲಿರುತ್ತಾನೆ. ಬೆಳಕು-ಕತ್ತಲಿನ ಗಡಿ ಎರಡೂ ಧ್ರುವಗಳನ್ನು ಹಾದು ಪ್ರತಿ ಅಕ್ಷಾಂಶವನ್ನೂ ಸರಿಪಾಲು ಮಾಡುತ್ತದೆ. ಸೂರ್ಯ ನೇರ ಪೂರ್ವದಲ್ಲಿ ಹುಟ್ಟಿ ನೇರ ಪಶ್ಚಿಮದಲ್ಲಿ ಮುಳುಗುತ್ತಾನೆ.

ಕರಾರುವಾಕ್ಕಾದ ಸಮಾನತೆ ಇಲ್ಲ: ವಾತಾವರಣ ಬೆಳಕನ್ನು ಬಗ್ಗಿಸುವುದರಿಂದ ಸೂರ್ಯ ದಿಗಂತದ ಕೆಳಗಿದ್ದಾಗಲೇ ಕಾಣುತ್ತಾನೆ. ಬಿಂಬದ ಮೇಲಂಚು ಕಂಡೊಡನೆ ಸೂರ್ಯೋದಯವೆಂದು ಎಣಿಸುತ್ತೇವೆ. ಹೀಗಾಗಿ ಬೆಂಗಳೂರಿನಲ್ಲಿ ವಿಷುವದ ಹಗಲು 12 ಗಂಟೆಗಿಂತ ಆರೇಳು ನಿಮಿಷ ಹೆಚ್ಚು.

ನೆರಳಿನ ಸಾಕ್ಷ್ಯ: ಆ ದಿನ ಬೆಂಗಳೂರಿನ ಅಂಗಳದಲ್ಲಿ ಒಂದು ಮೀಟರ್ ಕೋಲು ನೆಟ್ಟರೆ ನಡುಹಗಲಿನ ನೆರಳು ಸುಮಾರು 23 ಸೆಂಟಿಮೀಟರ್ ಇರುತ್ತದೆ. ನೆರಳಿನ ತುದಿಯನ್ನು ಗುರುತಿಸುತ್ತ ಹೋದರೆ ಪಶ್ಚಿಮದಿಂದ ಪೂರ್ವಕ್ಕೆ ನೇರ ಗೆರೆ ಮೂಡುತ್ತದೆ. ಭಾರತೀಯ ಜ್ಯೋತಿರ್ವಿದರು 12 ಅಂಗುಲದ ಶಂಕುವಿನ (ನೆಟ್ಟ ಕೋಲಿನ) ಈ ನಡುಹಗಲಿನ ನೆರಳನ್ನು 'ಪಲಭಾ' ಎಂದು ಕರೆದು, ಅದರಿಂದ ಊರಿನ ಅಕ್ಷಾಂಶವನ್ನು ಗಣಿಸುತ್ತಿದ್ದರು. ಒಂದು ಕೋಲು, ಒಂದು ನೆರಳು ಭೂಮಿಯ ಮೇಲೆ ನಮ್ಮ ನೆಲೆಯನ್ನು ತಿಳಿಸಬಲ್ಲವು ಎಂಬುದು ಇಂದಿಗೂ ಬೆರಗಿನ ಸಂಗತಿ.

ಸಂಕ್ರಾಂತಿಯೊಡನೆ ಸಂಬಂಧ: ಭೂಮಿಯ ಅಕ್ಷ ಸುಮಾರು 26,000 ವರ್ಷಗಳಿಗೊಮ್ಮೆ ಬುಗುರಿಯಂತೆ ಸುತ್ತು ಹಾಕುತ್ತದೆ. ಆದ್ದರಿಂದ ವಿಷುವ ಬಿಂದು ನಕ್ಷತ್ರಗಳ ನಡುವೆ ಹಿಂದಕ್ಕೆ ಸರಿಯುತ್ತಿದೆ. ನಕ್ಷತ್ರಗಳನ್ನು ಆಧರಿಸಿದ ನಿರಯನ ಪಂಚಾಂಗದ ಮೇಷ ಸಂಕ್ರಾಂತಿ ಹೀಗಾಗಿ ಈಗ ಏಪ್ರಿಲ್ 14ರ ಸುಮಾರಿಗೆ, ವಸಂತ ವಿಷುವ ಕಳೆದು ಮೂರು ವಾರಗಳ ಮೇಲೆ ಬರುತ್ತದೆ.