ನೀಲಿ ಪರದೆ ಬಂದಾಗ ತಪ್ಪು ಯಾರದು? ಕಂಪ್ಯೂಟರ್ ಕ್ರ್ಯಾಶ್‌ನ ಒಂದು ಚರಿತ್ರೆ

ಇವತ್ತು ರಾಜರ ಕಥೆ ಇಲ್ಲ, ಯುದ್ಧದ ಕಥೆಯೂ ಇಲ್ಲ. ನಮ್ಮ ಮೇಜಿನ ಮೇಲೇ ಇರೋ ಒಂದು ಯಂತ್ರದ ಕಾಯಿಲೆಯ ಚರಿತ್ರೆ ಇದೆ.

ಚನ್ನಗಿರಿಯಲ್ಲಿ ಒಂದು ಪುಟ್ಟ ಡಿಟಿಪಿ ಅಂಗಡಿ ಅಂದ್ಕೊಳ್ಳಿ. ಮದುವೆ ಕಾರ್ಡು, ಬೆಳೆ ವಿಮೆ ಅರ್ಜಿ, ಸೊಸೈಟಿಯ ಪತ್ರ, ಎಲ್ಲಾ ಅಲ್ಲೇ ಟೈಪ್ ಆಗುತ್ತೆ. ಒಂದು ದಿನ ಕೆಲಸದ ಮಧ್ಯೆ ಪರದೆ ನೀಲಿಯಾಗುತ್ತೆ. ಆಫ್ ಮಾಡಿ ಆನ್ ಮಾಡಿದರೆ ಹತ್ತು ನಿಮಿಷ ಸರಿ, ಮತ್ತೆ ನೀಲಿ. ರಿಪೇರಿ ಹುಡುಗ ಬಂದು ನೋಡ್ತಾನೆ. "ವಿಂಡೋಸ್ ಹೋಗಿದೆ ಅಣ್ಣಾ, ಫಾರ್ಮ್ಯಾಟ್ ಹೊಡೀಬೇಕು" ಅಂತಾನೆ. ಫಾರ್ಮ್ಯಾಟ್ ಆಗುತ್ತೆ, ಅದರ ಜೊತೆ ಐದು ವರ್ಷದ ಫೈಲುಗಳೂ ಹೋಗುತ್ತವೆ. ಮೂರನೇ ದಿನ ಪರದೆ ಮತ್ತೆ ನೀಲಿ! ಆಮೇಲೆ ಬಿಚ್ಚಿ ನೋಡಿದರೆ ಕೆಟ್ಟಿದ್ದು ವಿಂಡೋಸ್ ಅಲ್ಲ, ರ‍್ಯಾಮ್.

ಇದು ಕಲ್ಪಿತ ಅಂಗಡಿ. ಆದ್ರೆ ಕೇಳ್ತಾ ಇರೋರಲ್ಲಿ ಎಷ್ಟೋ ಜನ "ಅಯ್ಯೋ, ನಮ್ಮದೇ ಕಥೆ" ಅಂದ್ಕೊಂಡಿರ್ತೀರಿ. ಪ್ರಶ್ನೆ ಒಂದೇ: ತಪ್ಪು ಹಾರ್ಡ್‌ವೇರ್‌ದೋ, ಸಾಫ್ಟ್‌ವೇರ್‌ದೋ? ಈ ಪ್ರಶ್ನೆಗೆ ಮುಕ್ಕಾಲು ಶತಮಾನದ ಇತಿಹಾಸ ಇದೆ. ಅದಕ್ಕೆ ಹೋಗೋ ಮೊದಲು, ನಮ್ಮ ಕಡೆ ಈ ಪ್ರಶ್ನೆ ಯಾಕೆ ದೊಡ್ಡದಾಯ್ತು ಅಂತ ನೋಡೋಣ.

1997ರಲ್ಲಿ ದಾವಣಗೆರೆ ಹೊಸ ಜಿಲ್ಲೆಯಾಯಿತು. ಚಿತ್ರದುರ್ಗದಿಂದ ಜಗಳೂರು ಬಂತು, ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ ಬಂದವು. ನ್ಯಾಮತಿ ಆಗ ಹೊನ್ನಾಳಿಯ ಭಾಗ, ಪ್ರತ್ಯೇಕ ತಾಲ್ಲೂಕಾಗಿದ್ದು ಇತ್ತೀಚೆಗೆ. ಜಿಲ್ಲೆ ಹುಟ್ಟಿದ ಕೆಲವೇ ವರ್ಷಗಳಲ್ಲಿ ಕರ್ನಾಟಕ ಸರ್ಕಾರದ 'ಭೂಮಿ' ಯೋಜನೆ ಬಂತು. ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ತಾಲ್ಲೂಕು ಕಚೇರಿಯ ಕಿಯೋಸ್ಕ್‌ನಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರ್ತಿತ್ತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು.

ಭೂಮಿ ಕಿಯೋಸ್ಕ್‌ನಲ್ಲಿ ಒಂದು ಒಳ್ಳೆ ವ್ಯವಸ್ಥೆ ಇತ್ತು. ಎರಡು ಪರದೆ, ಒಂದು ಸಿಬ್ಬಂದಿ ಕಡೆಗೆ, ಇನ್ನೊಂದು ರೈತರ ಕಡೆಗೆ. ಒಳಗೆ ಏನು ನಡೀತಿದೆ ಅಂತ ರೈತರಿಗೂ ಕಾಣಲಿ ಅನ್ನೋ ಉದ್ದೇಶ. ಅಂದ್ರೆ ಕಂಪ್ಯೂಟರ್ ಕೆಟ್ಟು ನಿಂತರೆ ಅದೂ ಇಬ್ಬರಿಗೂ ಕಾಣುತ್ತೆ! ಬೆಳೆ ಸಾಲಕ್ಕೆ ಪಹಣಿ ಬೇಕು ಅಂತ ಜಗಳೂರಿನ ಹಳ್ಳಿಯಿಂದ ಬಸ್ ಹತ್ತಿ ಬಂದವರಿಗೆ "ಸಿಸ್ಟಮ್ ಹೋಗಿದೆ, ನಾಳೆ ಬನ್ನಿ" ಅಂದರೆ ಹೋಗೋದು ಒಂದು ದಿನದ ಕೂಲಿ. ಹಿಂದೆ ಶಾನುಭೋಗರು ಊರಲ್ಲಿ ಇಲ್ಲದಿದ್ದರೆ ಕೆಲಸ ನಿಲ್ತಿತ್ತು. ಈಗ ಯಂತ್ರ ನಿಂತರೆ ಕೆಲಸ ನಿಲ್ಲುತ್ತೆ. ಹಾಗಾಗಿ ಅದು ಯಾಕೆ ನಿಂತಿತು ಅಂತ ತಿಳಿಯೋದು ಬರೀ ಟೆಕ್ನಿಷಿಯನ್‌ನ ವಿಷಯವಾಗಿ ಉಳಿಯಲಿಲ್ಲ.

ಸರಿ, ಈಗ ಅಮೆರಿಕಕ್ಕೆ ಹೋಗೋಣ. 1947ರ ಸೆಪ್ಟೆಂಬರ್ 9, ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್ 2 ಎಂಬ ಕೋಣೆಯಷ್ಟು ದೊಡ್ಡ ಕಂಪ್ಯೂಟರ್. ಅದು ತಪ್ಪು ಮಾಡ್ತಿತ್ತು. ಹುಡುಕಿದಾಗ ಒಂದು ರಿಲೇ ಒಳಗೆ ಪತಂಗ ಸಿಕ್ಕಿತು. ಅದನ್ನ ಲಾಗ್ ಪುಸ್ತಕಕ್ಕೆ ಟೇಪಿನಿಂದ ಅಂಟಿಸಿದರು. 'ಬಗ್' ಅನ್ನೋ ಮಾತು ಅಲ್ಲೇ ಹುಟ್ಟಿತು ಅಂತ ಹೇಳೋರಿದ್ದಾರೆ, ಅದು ಸರಿಯಲ್ಲ. ಎಂಜಿನಿಯರ್‌ಗಳು ಆ ಪದವನ್ನ ಎಡಿಸನ್ ಕಾಲದಿಂದಲೂ ಬಳಸ್ತಿದ್ದರು. ನನಗೆ ಆ ಪತಂಗಕ್ಕಿಂತ ಆ ಪುಸ್ತಕ ಮುಖ್ಯ. ಯಂತ್ರ ಯಾವ ದಿನ, ಎಷ್ಟು ಗಂಟೆಗೆ, ಯಾವ ಜಾಗದಲ್ಲಿ ತಪ್ಪಿತು ಅಂತ ಅವರು ಬರೆದಿಡ್ತಿದ್ದರು. ಈ ಪುಸ್ತಕವನ್ನ ನೆನಪಿಟ್ಕೊಳ್ಳಿ, ಕೊನೆಗೆ ಮತ್ತೆ ಬರ್ತೀನಿ.

ಪತಂಗ ಕಣ್ಣಿಗೆ ಕಾಣ್ತಿತ್ತು. ಮುಂದೆ ಬಂದ ಕಾಯಿಲೆಗಳು ಹಾಗಲ್ಲ, ವೇಷ ಹಾಕ್ಕೊಂಡು ಬಂದವು.

1970ರ ದಶಕದ ಕೊನೆಗೆ ಇಂಟೆಲ್ ಕಂಪನಿಯ ಮೆಮೊರಿ ಚಿಪ್‌ಗಳು ವಿಚಿತ್ರವಾಗಿ ತಪ್ಪಲು ಶುರು ಮಾಡಿದವು. ಇದ್ದಕ್ಕಿದ್ದ ಹಾಗೆ ಒಂದು ಬಿಟ್ ಸೊನ್ನೆ ಇದ್ದದ್ದು ಒಂದಾಗುತ್ತೆ. ಅದೇ ಚಿಪ್ಪನ್ನ ಮತ್ತೆ ಪರೀಕ್ಷೆ ಮಾಡಿದರೆ ಏನೂ ದೋಷ ಇಲ್ಲ. ಯಾರಿಗಾದರೂ ಪ್ರೋಗ್ರಾಂ ಬರೆದವನ ಮೇಲೇ ಅನುಮಾನ ಬರುತ್ತೆ, ಅಲ್ವಾ? 1978ರಲ್ಲಿ ಟಿಮೋತಿ ಮೇ ಮತ್ತು ಮರ‍್ರೇ ವುಡ್ಸ್ ಕಾರಣ ಕಂಡುಹಿಡಿದರು. ಚಿಪ್‌ನ ಹೊರಕವಚದಲ್ಲಿ ಅತ್ಯಲ್ಪ ಪ್ರಮಾಣದ ಯುರೇನಿಯಂ, ಥೋರಿಯಂ ಇತ್ತು. ಅದರಿಂದ ಹೊರಟ ಆಲ್ಫಾ ಕಣಗಳು ಬಿಟ್‌ಗಳನ್ನ ಬದಲಿಸ್ತಿದ್ದವು. ಅಂದ್ರೆ ತಪ್ಪು ಹಾರ್ಡ್‌ವೇರ್‌ದು, ಹಾಕಿದ್ದು ಸಾಫ್ಟ್‌ವೇರ್‌ನ ವೇಷ.

ಇಪ್ಪತ್ತು ವರ್ಷದ ನಂತರ ಇದರ ಉಲ್ಟಾ ನಡೆಯಿತು. 1999ರ ಏಪ್ರಿಲ್ 26ರಂದು ಸಿಐಎಚ್ ಎಂಬ ವೈರಸ್ ಎದ್ದಿತು. ಚೆರ್ನೋಬಿಲ್ ದುರಂತದ ದಿನವೇ ಆದ್ದರಿಂದ ಚೆರ್ನೋಬಿಲ್ ವೈರಸ್ ಅಂತಲೇ ಹೆಸರಾಯ್ತು. ವಿಂಡೋಸ್ 95, 98 ಇದ್ದ ಯಂತ್ರಗಳಲ್ಲಿ ಹಾರ್ಡ್ ಡಿಸ್ಕ್‌ನ ಆರಂಭದ ಭಾಗವನ್ನ ಅಳಿಸಿತು. ಕೆಲವು ಮದರ್‌ಬೋರ್ಡ್‌ಗಳಲ್ಲಿ ಬಯಾಸ್ ಅನ್ನೇ ಕೆಡಿಸಿತು. ಸ್ವಿಚ್ ಹಾಕಿದರೆ ಪರದೆ ಕಪ್ಪು, ಏನೂ ಇಲ್ಲ. ಯಾರು ನೋಡಿದರೂ "ಬೋರ್ಡ್ ಸುಟ್ಟಿದೆ" ಅನ್ನಬೇಕು. ಆದರೆ ಬೋರ್ಡ್ ಸುಟ್ಟಿರಲಿಲ್ಲ, ಒಂದು ಪುಟ್ಟ ಪ್ರೋಗ್ರಾಂ ಹಾಗೆ ಮಾಡಿತ್ತು. ಇಲ್ಲಿ ಸಾಫ್ಟ್‌ವೇರೇ ಹಾರ್ಡ್‌ವೇರ್ ವೇಷ ಹಾಕಿತ್ತು.

ಈ ಎರಡರ ಮಧ್ಯೆ, 1985ರಲ್ಲಿ, ಜಿಮ್ ಗ್ರೇ ಎಂಬ ವಿಜ್ಞಾನಿ ಒಂದು ಸರಳ ಪ್ರಶ್ನೆ ಕೇಳಿದರು: ಕಂಪ್ಯೂಟರ್‌ಗಳು ಯಾಕೆ ನಿಲ್ಲುತ್ತವೆ? ಬ್ಯಾಂಕಿನಂಥ ಕಡೆ ಬಳಸೋ ಟ್ಯಾಂಡೆಮ್ ಕಂಪನಿಯ ಯಂತ್ರಗಳ ವರದಿಗಳನ್ನ ಲೆಕ್ಕ ಹಾಕಿದರು. ಹಾರ್ಡ್‌ವೇರ್‌ನಿಂದ ನಿಂತದ್ದು ಶೇ 18, ಸಾಫ್ಟ್‌ವೇರ್‌ನಿಂದ ಶೇ 25, ಕರೆಂಟು ಮುಂತಾದ ಪರಿಸರದ ಕಾರಣದಿಂದ ಶೇ 14. ಎಲ್ಲಕ್ಕಿಂತ ಹೆಚ್ಚು, ಶೇ 42ರಷ್ಟು, ಯಂತ್ರ ನೋಡಿಕೊಳ್ಳೋ ಮನುಷ್ಯರ ಕೈಯಿಂದ! ಗ್ರೇ ಇನ್ನೊಂದು ಮಾತನ್ನೂ ಹೇಳಿದರು. ಕೆಲವು ಬಗ್‌ಗಳು ಹುಡುಕಲು ಕೂತರೆ ಮಾಯವಾಗುತ್ತವೆ, ರಿಸ್ಟಾರ್ಟ್ ಮಾಡಿದರೆ ಕಾಣೋದೇ ಇಲ್ಲ. ನಮ್ಮ "ಒಂದ್ಸಲ ಆಫ್ ಮಾಡಿ ಆನ್ ಮಾಡಿ" ಅನ್ನೋ ಮಂತ್ರ ಎಷ್ಟೋ ಸಲ ಫಲಿಸೋದು ಇದಕ್ಕೇ. ಆದರೆ ಮಂತ್ರ ಫಲಿಸಿತು ಅಂದರೆ ಕಾಯಿಲೆ ಗೊತ್ತಾಯಿತು ಅಂತಲ್ಲ.

ಹಾಗಾದರೆ ವೇಷ ಕಳಚೋದು ಹೇಗೆ? ಇತಿಹಾಸ ಕಲಿಸಿದ ದಾರಿ ಒಂದೇ: ಎರಡನ್ನೂ ಬೇರೆ ಮಾಡಿ ನೋಡೋದು, ಒಂದು ಸಲಕ್ಕೆ ಒಂದನ್ನ ಮಾತ್ರ ಬದಲಿಸೋದು. 1994ರಲ್ಲಿ ಬಂದ ಮೆಮ್‌ಟೆಸ್ಟ್86 ಎಂಬ ಪ್ರೋಗ್ರಾಂನ ಉಪಾಯ ಇದೇ. ವಿಂಡೋಸ್ ಶುರುವಾಗೋಕೆ ಬಿಡದೆ, ನೇರವಾಗಿ ರ‍್ಯಾಮ್‌ನ ಮೂಲೆಮೂಲೆಗೂ ಬರೆದು ಓದಿ ನೋಡುತ್ತೆ. ರಾತ್ರಿ ಬಿಟ್ಟು ಹೋದರೆ ಬೆಳಿಗ್ಗೆ ಫಲಿತಾಂಶ ಸಿಗುತ್ತೆ. ತಪ್ಪು ತೋರಿಸಿದರೆ ವಿಂಡೋಸ್ ಮೇಲಿನ ಅನುಮಾನ ಬಹುಪಾಲು ಬಿಟ್ಟ ಹಾಗೆ.

ಇನ್ನೊಂದು ದಾರಿ, ಪೆನ್‌ಡ್ರೈವ್‌ನಲ್ಲಿ ಲಿನಕ್ಸ್ ಹಾಕಿ ಅದರಿಂದ ಯಂತ್ರ ಎಬ್ಬಿಸೋದು. ಅಲ್ಲೂ ನಿಂತು ಹೋದರೆ ಹೆಚ್ಚಾಗಿ ಹಾರ್ಡ್‌ವೇರ್. ಅಲ್ಲಿ ದಿನವಿಡೀ ಸರಿಯಾಗಿ ಓಡಿದರೆ ವಿಂಡೋಸ್, ಡ್ರೈವರ್ ಅಥವಾ ಹಾರ್ಡ್ ಡಿಸ್ಕ್ ಕಡೆ ನೋಡಿ. ನೀಲಿ ಪರದೆಯಲ್ಲಿ ಪ್ರತಿ ಸಲ ಅದೇ ಸಂದೇಶ, ಅದೂ ಅದೇ ಕೆಲಸ ಮಾಡುವಾಗ ಬಂದರೆ ಸಾಫ್ಟ್‌ವೇರ್ ಅಂತ ಶಂಕಿಸಬೇಕು. ಪ್ರತಿ ಸಲ ಬೇರೆ ಬೇರೆ ಸಂದೇಶ ಬಂದರೆ ರ‍್ಯಾಮ್, ಬಿಸಿ, ಕರೆಂಟು, ಈ ಮೂರನ್ನ ನೋಡಬೇಕು.

ಕರೆಂಟು ಅಂದೆ ನೋಡಿ, ನಮ್ಮ ಕಡೆಗೆ ಅದು ಮೂರನೇ ಆರೋಪಿ. ಹಳ್ಳಿ ಕಡೆ ತ್ರೀಫೇಸ್ ಬಂದ ಹೊತ್ತಿಗೆ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಶುರುವಾದರೆ ವೋಲ್ಟೇಜ್ ಕುಸಿಯಬಹುದು. ಯುಪಿಎಸ್ ಬ್ಯಾಟರಿ ಹಳೆಯದಾಗಿದ್ದರೆ ಕಂಪ್ಯೂಟರ್ ತಾನಾಗೇ ರಿಸ್ಟಾರ್ಟ್ ಆಗುತ್ತೆ. ಜಗಳೂರಿನ ಬೇಸಿಗೆಯಲ್ಲಿ ಪ್ರೊಸೆಸರ್ ಮೇಲಿನ ಫ್ಯಾನ್‌ಗೆ ದೂಳು ಕಟ್ಟಿದ್ದರೆ ಮಧ್ಯಾಹ್ನ ಮಾತ್ರ ಹ್ಯಾಂಗ್ ಆಗುತ್ತೆ, ಬೆಳಿಗ್ಗೆ ಸರಿ ಇರುತ್ತೆ. ಇಂಥದ್ದಕ್ಕೆ ಫಾರ್ಮ್ಯಾಟ್ ಹೊಡೆದು ಏನು ಪ್ರಯೋಜನ?

ಇಲ್ಲೇ ಹಾರ್ವರ್ಡಿನ ಆ ಪುಸ್ತಕ ವಾಪಸ್ ಬರೋದು. ಕಂಪ್ಯೂಟರ್ ಪಕ್ಕ ಒಂದು ನೋಟ್‌ಬುಕ್ ಇಡಿ. ನಿಂತ ದಿನ, ಗಂಟೆ, ಆಗ ಏನು ಮಾಡ್ತಿದ್ರಿ, ಪರದೆ ಮೇಲೆ ಏನಿತ್ತು, ಇಷ್ಟು ಬರೀರಿ. ಮೊಬೈಲಲ್ಲಿ ಪರದೆಯ ಫೋಟೋ ತೆಗೀರಿ. ವಾರ ಕಳೆದ ಮೇಲೆ ಓದಿ. ಕ್ರ್ಯಾಶ್‌ಗಳೆಲ್ಲ ಕರೆಂಟು ಏರಿಳಿಯೋ ಹೊತ್ತಿಗೇ ಆಗಿದ್ದರೆ ಉತ್ತರ ಬಹುತೇಕ ಆ ನೋಟ್‌ಬುಕ್‌ನಲ್ಲೇ ಇದೆ.

ಇದು ಹಳೇ ಕಾಲದ ಮಾತು ಅನ್ನಬೇಡಿ. 2024ರ ಜುಲೈ 19ರಂದು ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿಯಾದವು. ಭಾರತದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನ ಕೈಯಲ್ಲಿ ಬರೆದು ಕೊಟ್ಟರು. ಕಾರಣ, ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ದೋಷದ ಫೈಲ್. ಯಂತ್ರವನ್ನ ಸೇಫ್ ಮೋಡ್‌ನಲ್ಲಿ ಎಬ್ಬಿಸಿ ಆ ಒಂದು ಫೈಲ್ ತೆಗೆದರೆ ಸರಿಹೋಗ್ತಿತ್ತು. ಅವತ್ತು ಅವಸರಕ್ಕೆ ಫಾರ್ಮ್ಯಾಟ್ ಹೊಡೆದಿದ್ದರೆ, ಕಳೆದುಕೊಂಡದ್ದೆಲ್ಲ ವ್ಯರ್ಥವಾಗಿ ಕಳೆದುಕೊಂಡ ಹಾಗೆ.

ಹಾಗಾಗಿ ಮುಂದಿನ ಸಲ ಹೊನ್ನಾಳಿಯಲ್ಲೋ ನ್ಯಾಮತಿಯಲ್ಲೋ ಯಾರಾದರೂ "ಫಾರ್ಮ್ಯಾಟ್ ಹೊಡೀಬೇಕು" ಅಂದರೆ ಜಗಳ ಆಡಬೇಡಿ. ಮೊದಲು ಫೈಲುಗಳ ಕಾಪಿ ತೆಗೆಸಿ. ಆಮೇಲೆ ಒಂದೇ ಪ್ರಶ್ನೆ ಕೇಳಿ: "ಅಣ್ಣಾ, ರ‍್ಯಾಮ್, ಬಿಸಿ, ಕರೆಂಟು, ಇವನ್ನ ನೋಡಿದ್ರಾ?" ಒಳ್ಳೆ ರಿಪೇರಿಯವರು ಈ ಪ್ರಶ್ನೆಗೆ ಬೇಜಾರು ಮಾಡ್ಕೊಳ್ಳಲ್ಲ, ಖುಷಿಪಡ್ತಾರೆ.

ಇವತ್ತಿಗೆ ಇಷ್ಟು. ಮುಂದಿನ ವಾರ ಮತ್ತೊಂದು ಕಥೆಯೊಂದಿಗೆ ಸಿಗೋಣ, ನಮಸ್ಕಾರ.